ಮೌಂಟ್ ಎಣಿಕೆ ಮಿತಿ ದಾಟಿದರೂ ಇಎಕ್ಸ್‌ಟಿ4 ಡಿಸ್ಕ್‌ನ ತಪಾಸಣೆ ನಡೆಯುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನನ್ನ ಲಿನಕ್ಸ್ ಕಂಪ್ಯೂಟರಿನ ಎರಡನೆಯ ಡಿಸ್ಕ್ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿದೆ (ಫೈಲ್ ಸಿಸ್ಟಮ್ ಎಂದರೆ ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ). ಪ್ರತಿ 30 ಮೌಂಟ್‌ಗಳಿಗೊಮ್ಮೆ (ಡಿಸ್ಕ್ ಅನ್ನು ಬಳಕೆಗೆ ಜೋಡಿಸುವುದೇ ಮೌಂಟ್) ಅಥವಾ 180 ದಿನಗಳಿಗೊಮ್ಮೆ ತಪಾಸಣೆಯಾಗಲೆಂದು ಟ್ಯೂನ್2ಎಫ್‌ಎಸ್ ಆಜ್ಞೆಯ ಮೂಲಕ ಮಿತಿಗಳನ್ನು ಹಾಕಿದ್ದೆ. ಈಗ ಡಿಸ್ಕ್‌ನ ವಿವರ ತೋರಿಸುವ ಡಂಪ್ಇ2ಎಫ್‌ಎಸ್ ಆಜ್ಞೆಯಲ್ಲಿ ನೋಡಿದರೆ ಮೌಂಟ್ ಎಣಿಕೆ 47, ಗರಿಷ್ಠ ಮಿತಿ 30 ಎಂದಿದೆ. ಬೂಟ್ ಆಗುವಾಗ ತಪಾಸಣೆ ಒಮ್ಮೆಯೂ ನಡೆದಿಲ್ಲ. ವರ್ಷಗಟ್ಟಲೆಯ ಛಾಯಾಚಿತ್ರಗಳು ಅದರಲ್ಲಿರುವುದರಿಂದ ಆತಂಕವಾಗಿದೆ.

ಉತ್ತರ:
ನೀವು ಹಾಕಿದ ಮಿತಿಗಳು ಸರಿಯಾಗಿಯೇ ಇವೆ. ಆದರೆ ಅವು ಸೂಪರ್‌ಬ್ಲಾಕ್‌ನಲ್ಲಿ (ಫೈಲ್ ಸಿಸ್ಟಮ್‌ನ ಮುಖ್ಯ ವಿವರಗಳಿರುವ ಭಾಗ) ಬರೆದಿಟ್ಟ ಲೆಕ್ಕ ಮಾತ್ರ. ಮಿತಿ ದಾಟಿದ ಫೈಲ್ ಸಿಸ್ಟಮ್ ಅನ್ನು ಮೌಂಟ್ ಮಾಡುವಾಗ ಕರ್ನೆಲ್ ತನ್ನ ಲಾಗ್‌ನಲ್ಲಿ ಎಚ್ಚರಿಕೆಯ ಒಂದು ಸಾಲನ್ನು ಬರೆಯುತ್ತದೆಯೇ ಹೊರತು ತಾನಾಗಿ ತಪಾಸಣೆ ಮಾಡುವುದಿಲ್ಲ. ಆ ಲೆಕ್ಕವನ್ನು ಓದಿ ಕೆಲಸಕ್ಕಿಳಿಯುವುದು ಇ2ಎಫ್‌ಎಸ್‌ಸಿಕೆ ಎಂಬ ತಪಾಸಣಾ ಪ್ರೋಗ್ರಾಂ. ಬೂಟ್ ಸಮಯದಲ್ಲಿ ಅದನ್ನು ಕರೆಯಬೇಕೋ ಬೇಡವೋ ಎಂಬುದನ್ನು ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನ ಆರನೆಯ ಅಂಕಣ ನಿರ್ಧರಿಸುತ್ತದೆ. ರೂಟ್‌ಗೆ (ವ್ಯವಸ್ಥೆಯ ಮೂಲ ಫೈಲ್ ಸಿಸ್ಟಮ್) ಅಲ್ಲಿ 1, ಉಳಿದವುಗಳಿಗೆ 2 ಇರಬೇಕು. 0 ಇದ್ದರೆ ಅಥವಾ ಅಂಕಣವೇ ಇಲ್ಲದಿದ್ದರೆ ಎಣಿಕೆ ಎಷ್ಟೇ ಏರಿದರೂ ಆ ಡಿಸ್ಕ್ ಅನ್ನು ಯಾರೂ ನೋಡುವುದಿಲ್ಲ. ದಯವಿಟ್ಟು ಆ ಫೈಲಿನಲ್ಲಿ ನಿಮ್ಮ ಡಿಸ್ಕ್‌ನ ಸಾಲಿನ ಕೊನೆಯ ಎರಡು ಅಂಕಿಗಳನ್ನು ತಿಳಿಸಿ.

ಹಳೆಯ ಬರಹಗಳನ್ನು ಓದುವವರು ಇನ್ನೊಂದು ವಿಷಯವನ್ನು ಗಮನಿಸಬೇಕು: 2011ರಲ್ಲಿ ಬಂದ ಇ2ಎಫ್‌ಎಸ್‌ಪ್ರಾಗ್ಸ್ (ಈ ಆಜ್ಞೆಗಳೆಲ್ಲ ಇರುವ ಪ್ಯಾಕೇಜ್) 1.42 ಆವೃತ್ತಿಯಿಂದೀಚೆಗೆ, ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ಗಳಲ್ಲಿ ಈ ನಿಯತಕಾಲಿಕ ತಪಾಸಣೆ ಮೊದಲಿನಿಂದಲೇ ನಿಷ್ಕ್ರಿಯವಾಗಿರುತ್ತದೆ.

ಪ್ರಶ್ನಿಸಿದವರು:
ಸಾಲಿನ ಕೊನೆಯಲ್ಲಿ "0 0" ಇತ್ತು. ಎರಡನೆಯ ಸೊನ್ನೆಯನ್ನು 2 ಮಾಡಿ ರೀಬೂಟ್ ಮಾಡಿದೆ. ತಪಾಸಣೆ ನಡೆಯಿತು, ಎಣಿಕೆಯೂ 1ಕ್ಕೆ ಇಳಿಯಿತು. ತುಂಬಾ ಧನ್ಯವಾದಗಳು. ಇದೇ ವಿಧಾನವನ್ನು ತಿಂಗಳುಗಟ್ಟಲೆ ರೀಬೂಟ್ ಆಗದ ಸರ್ವರ್‌ಗೂ ಬಳಸಬಹುದೇ? ಅದರ ಒಂದು ಡಿಸ್ಕ್ ಎಕ್ಸ್‌ಎಫ್‌ಎಸ್ ಎಂಬ ಬೇರೆ ಫೈಲ್ ಸಿಸ್ಟಮ್‌ನಲ್ಲಿದೆ.

ಉತ್ತರ:
ಸರ್ವರ್‌ಗೆ ಇದು ಸಾಲದು. 180 ದಿನ ಕಳೆದ ಕೂಡಲೇ ತಪಾಸಣೆ ಶುರುವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ, ಆದರೆ ದಿನಗಳ ಮಿತಿಯನ್ನೂ ನೋಡುವುದು ಮುಂದಿನ ಬೂಟ್‌ನಲ್ಲಿಯೇ. ಹಾಗೆಂದು ಮೌಂಟ್ ಆಗಿ ಬಳಕೆಯಲ್ಲಿರುವ ಫೈಲ್ ಸಿಸ್ಟಮ್ ಮೇಲೆ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ತಪಾಸಣಾ ಆಜ್ಞೆ) ದುರಸ್ತಿಯನ್ನು ಎಂದಿಗೂ ನಡೆಸಬೇಡಿ. ಚೆನ್ನಾಗಿರುವ ದತ್ತಾಂಶವೇ ಕೆಟ್ಟುಹೋಗಬಹುದು. ಇಎಕ್ಸ್‌ಟಿ4 ಡಿಸ್ಕ್ ಎಲ್‌ವಿಎಂ (ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಮೇಲಿದ್ದರೆ ಇ2ಸ್ಕ್ರಬ್ ಆಜ್ಞೆಯನ್ನು ಬಳಸಿ. ಅದು ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆದು ಅದನ್ನು ಪರೀಕ್ಷಿಸುತ್ತದೆ, ದೋಷ ಕಂಡರೆ ಮೂಲ ಫೈಲ್ ಸಿಸ್ಟಮ್‌ಗೆ ಮುಂದಿನ ಬೂಟ್‌ನಲ್ಲಿ ತಪಾಸಣೆ ಆಗಲೇಬೇಕೆಂದು ಗುರುತು ಹಾಕುತ್ತದೆ. ಎಲ್‌ವಿಎಂನ ವಾಲ್ಯೂಮ್ ಗ್ರೂಪ್‌ನಲ್ಲಿ (ವಾಲ್ಯೂಮ್‌ಗಳಿಗೆ ಜಾಗ ಒದಗಿಸುವ ಸಂಗ್ರಹ) ಸ್ನ್ಯಾಪ್‌ಶಾಟ್‌ಗೆ ಬೇಕಾದಷ್ಟು ಖಾಲಿ ಜಾಗ ಉಳಿಸಿಕೊಂಡಿರಬೇಕು.

ಎಕ್ಸ್‌ಎಫ್‌ಎಸ್‌ಗೆ ಇಂಥ ಎಣಿಕೆಯೇ ಇಲ್ಲ. ಸಾಮಾನ್ಯ ಬೂಟ್‌ನಲ್ಲಿ ಅದರ ಎಫ್‌ಎಸ್‌ಸಿಕೆ ಏನನ್ನೂ ಮಾಡದೆ ಯಶಸ್ಸೆಂದು ಹೇಳಿ ಮುಗಿಸುತ್ತದೆ, ಆದ್ದರಿಂದ ಅಲ್ಲಿ 2 ಬರೆದರೂ ಪ್ರಯೋಜನವಿಲ್ಲ. ಅನುಮಾನ ಬಂದಾಗ ಡಿಸ್ಕ್ ಅನ್ನು ಅನ್‌ಮೌಂಟ್ ಮಾಡಿ, ಎಕ್ಸ್‌ಎಫ್‌ಎಸ್ ರಿಪೇರ್ ಆಜ್ಞೆಯನ್ನು ಮೊದಲು -ಎನ್ ಆಯ್ಕೆಯೊಂದಿಗೆ, ಅಂದರೆ ಏನನ್ನೂ ಬದಲಿಸದಂತೆ, ಓಡಿಸಿ ನೋಡಿ.