ಒಂದು ಕೈಗೊಡಲಿಗೆ ಎರಡು ಬಾಯಿ

ಗುಂಪು: ಹಿರಿಮನೆ, ಬ್ರಹ್ಮಾವರ

ಪುಟ್ಟ: [4 ಫೋಟೋ, ಒಂದು ಲಿಂಕ್] ಹಿರಿಮನೆಗೆ ಇದೊಂದು ಕೈಗೊಡಲಿ ತರಿಸುವ ಅಂತ. ತಲೆ 600 ಗ್ರಾಂ, ಕಾವು (ಹಿಡಿ) 36 ಸೆಂ.ಮೀ., 1,899 ರೂಪಾಯಿ. ಮರಗೆಲಸಕ್ಕೂ ಸೌದೆಗೂ ಒಂದೇ ಸಾಕು ಅಂತ ಬರೆದಿದ್ದಾರೆ. ಅಮ್ಮನಿಗೆ ಬಚ್ಚಲ ಒಲೆಗೆ ಚಕ್ಕೆ ಮಾಡ್ಲಿಕ್ಕೆ ಆಯ್ತು, ದೊಡ್ಡಪ್ಪ ಬಂದಾಗ ದಾರಂದದ (ಬಾಗಿಲ ಚೌಕಟ್ಟಿನ) ಕೆಲಸಕ್ಕೂ ಆಯ್ತು. ಎಲ್ಲರೂ ಸೇರಿ ಹಾಕಿದ್ರೆ ಯಾರಿಗೂ ಭಾರ ಇಲ್ಲ.

ಕುಂದಾಪುರ ಬಾವ: ಬಣ್ಣ ಲಾಯ್ಕ್ ಇತ್ ಮಾರಾಯ. ತರ್ಸು.

ದೊಡ್ಡಪ್ಪ: ನಿಲ್ಲು. ಹಣ ಕಟ್ಟಬೇಡ. ಮೂರನೇ ಫೋಟೋ ದೊಡ್ಡದು ಮಾಡಿ ನೋಡು. ಕಾವಿನ ನಾರು ಹೇಗೆ ಹೋಗ್ತಾ ಉಂಟು?

ಪುಟ್ಟ: ಓರೆಯಾಗಿ. ತಲೆಯ ಹತ್ತಿರ ಶುರುವಾದ ಗೆರೆ ನಡುವಿನಲ್ಲೇ ಹೊರಗೆ ಬಂದಿದೆ.

ದೊಡ್ಡಪ್ಪ: ಅಲ್ಲಿಗೇ ಮುರೀತದೆ. ನಾರು ತಲೆಯಿಂದ ಹಿಡಿಯುವ ತುದಿಯವರೆಗೆ ಉದ್ದಕ್ಕೆ ಓಡಬೇಕು. ಇನ್ನು ನಾಲ್ಕನೇ ಫೋಟೋದಲ್ಲಿ ಕಣ್ಣಿನ, ಅಂದ್ರೆ ಕಾವು ಹೊಗುವ ತೂತಿನ, ಮೇಲ್ಭಾಗ ನೋಡು. ಬೆಣೆ ಕಾಣ್ತದಾ? ಇಲ್ಲ. ಅಂಟು ಸುರಿದು ಮುಚ್ಚಿದ್ದಾರೆ. ನಾಳೆ ತಲೆ ಸಡಿಲ ಆದ್ರೆ ಬೆಣೆ ಬಡಿದು ಬಿಗಿ ಮಾಡುವ ದಾರಿಯೇ ಇಲ್ಲ. ಕಾವಿಗೆ ದಪ್ಪ ವಾರ್ನಿಷ್ ಬೇರೆ, ಬೆವರಿದ ಕೈಗೆ ಜಾರ್ತದೆ. ಕೆನ್ನೆಯಲ್ಲಿ (ತಲೆಯ ಪಕ್ಕದ ಮುಖದಲ್ಲಿ) ಮೊಳೆ ಕೀಳ್ಲಿಕ್ಕೆ ಅಂತ ಒಂದು ಕಚ್ಚು ಕೊಟ್ಟಿದ್ದಾರೆ, ತೆಳು ತಲೆಯಲ್ಲಿ ಬಿರುಕು ಹುಟ್ಟುವುದು ಅಂಥ ಮೂಲೆಯಿಂದಲೇ. ‘ಸ್ಟೇನ್‌ಲೆಸ್’ ಅಂತ ದೊಡ್ಡ ಅಕ್ಷರದಲ್ಲಿ ಉಂಟು, ಗಡಸುತನ ಎಷ್ಟು ಅಂತ ಒಂದು ಸಾಲಿಲ್ಲ.

ಕುಂದಾಪುರ ಬಾವ: ಮಾವ, ಒಂದ್ ಮಾತು ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಚಕ್ಕೆ ಒಡೆಯುಕೆ ಇಷ್ಟೆಲ್ಲ ನೋಡುಕಿತ್ತಾ? ಮನೆಗೆ ಒಂದು ಕೊಡಲಿ ಬೇಕು, ಇದೊಂದು ಕೊಡಲಿ. ಕಾವು ಮುರಿದ್ರೆ ಬದಲಾಯಿಸುದು.

ದೊಡ್ಡಪ್ಪ: ಕಾವಿನ ಮಾತು ಬಿಡಿ ಅಳಿಯಂದಿರೇ, ನನ್ನ ತಕರಾರು ‘ಎರಡಕ್ಕೂ ಒಂದೇ’ ಅನ್ನುವುದಕ್ಕೆ. ಚಕ್ಕೆ ಒಡೆಯುವಾಗ ಕೊಡಲಿ ಬೆಣೆಯ ಕೆಲಸ ಮಾಡ್ತದೆ. ಬಾಯಿಯ, ಅಂದ್ರೆ ಹರಿತ ಅಂಚಿನ, ಹಿಂದೆಯೇ ದಪ್ಪ ಏರಬೇಕು, ಆಗ ನಾರು ಎರಡು ಬದಿಗೆ ಬಿಟ್ಟುಕೊಳ್ತದೆ. ಅದಕ್ಕೆ ಬಾಯಿಯ ಕೋನ 30ರಿಂದ 35 ಡಿಗ್ರಿ ಬೇಕು. ಕೆತ್ತುವಾಗ ಅದೇ ಕೊಡಲಿ ಉಳಿಯ ಕೆಲಸ ಮಾಡಬೇಕು. 25 ಡಿಗ್ರಿ ಇರಬೇಕು, ಕೆನ್ನೆ ಚಪ್ಪಟೆ ಇರಬೇಕು. ದಪ್ಪ ಬಾಯಿಯಲ್ಲಿ ಕೆತ್ತಲು ಹೋದ್ರೆ ಗೆರೆಯ ಮೇಲಿಂದ ಪುಟಿದು ಹೊರಗೆ ಹೋಗ್ತದೆ. ತೆಳು ಬಾಯಿಯಲ್ಲಿ ಅಕೇಶಿಯಾ ಗಂಟಿಗೆ ಹೊಡೆದ್ರೆ ಸಿಕ್ಕಿಹಾಕಿಕೊಳ್ತದೆ. ಬಿಡಿಸಲಿಕ್ಕೆ ಪಕ್ಕಕ್ಕೆ ತಿರುಚಿದೆಯೋ, ಬಾಯಿಯಿಂದ ಅರ್ಧಚಂದ್ರದ ಚೂರು ಎದ್ದು ಹೋಯ್ತು. ಅದನ್ನು ತೆಗೀಲಿಕ್ಕೆ ಇಡೀ ಬಾಯಿಯನ್ನು 2 ಮಿ.ಮೀ. ಹಿಂದಕ್ಕೆ ಉಜ್ಜಬೇಕು.

ಪುಟ್ಟ: ಡಿಗ್ರಿ ಅಳೆಯುವುದು ಹೇಗೆ ದೊಡ್ಡಪ್ಪ?

ದೊಡ್ಡಪ್ಪ: ಸ್ಕೇಲು ಸಾಕು. ಮಸೆದ ಇಳಿಜಾರು ಮೇಲೆ ಎಲ್ಲಿ ಮುಗೀತದೋ ಅಲ್ಲಿ ಕಬ್ಬಿಣದ ದಪ್ಪ ನೋಡು. 5 ಮಿ.ಮೀ. ಅಂತ ಇಟ್ಟುಕೋ. ಎರಡೂ ಬದಿ ಮಸೆದಿದ್ದು ಒಂದೊಂದು ಇಳಿಜಾರು 10 ಮಿ.ಮೀ. ಅಗಲ ಇದ್ರೆ ಬಾಯಿ 29 ಡಿಗ್ರಿ. ಅಗಲವನ್ನು 12ಕ್ಕೆ ಎಳೆದ್ರೆ 24. ಒಂದೇ ಬದಿ ಮಸೆದದ್ದಾದ್ರೆ 10ಕ್ಕೆ 30, 12ಕ್ಕೆ 25ರ ಹತ್ತಿರ.

ಪುಟ್ಟ: ಒಂದೇ ಬದಿ ಯಾಕೆ?

ದೊಡ್ಡಪ್ಪ: ಗೆರೆಗೆ ಸರಿಯಾಗಿ ಇಳೀಲಿಕ್ಕೆ. ಚಪ್ಪಟೆ ಬದಿ ಮರಕ್ಕೆ ಒರಗಿ ಇಳೀತದೆ, ಕೀಸುಳಿ ಹಿಡಿಯುವ ಮುಂಚಿನ ಮುಖ ನೇರ ಬರ್ತದೆ. ಎರಡೂ ಬದಿ ಮಸೆದದ್ದರಲ್ಲಿಯೂ ಕೆತ್ತಬಹುದು, ಆದ್ರೆ ಇಳಿಜಾರಿನಷ್ಟೇ ಓರೆ ಹಿಡೀಬೇಕು. ಕೈ ನೆಟ್ಟಗಾದ್ರೆ ಹೊರಗೆ ಪುಟೀತದೆ, ಹೆಚ್ಚು ಓರೆಯಾದ್ರೆ ಒಳಗೆ ಕಚ್ತದೆ.

ಕುಂದಾಪುರ ಬಾವ: ಪುಟ್ಟ ಎಡಗೈಯವ. ಒಂದೇ ಬದಿ ಮಸೆದದ್ದು ಅವನಿಗೆ ಉಲ್ಟಾ ಆತ್ತಲೆ ಮಾವ?

ದೊಡ್ಡಪ್ಪ: ಅದು ಸರಿಯಾದ ಮಾತು. ಬಲಗೈಯವನಿಗೆ ಇಳಿಜಾರು ಬಲಬದಿಗೆ, ಎಡಗೈಯವನಿಗೆ ಎಡಬದಿಗೆ. ಮನೆಯ ಕೊಡಲಿ ಎಲ್ಲರ ಕೈಗೂ ಹೋಗುವುದಾದ್ರೆ ಎರಡೂ ಬದಿ ಮಸೆಯುವುದೇ ವಾಸಿ. ಒಪ್ಪಿದೆ.

ಚಿಕ್ಕಮ್ಮ (ಪುಟ್ಟನ ಅಮ್ಮ): ನನ್ನ ಹೆಸರಲ್ಲಿ ಕೊಡಲಿ ತರ್ತಾ ಇದ್ದೀರಲ್ಲ, ನನಗೆ ಬೇಕಾ ಅಂತ ಯಾರಾದ್ರೂ ಕೇಳಿದ್ರಾ? ಬಚ್ಚಲ ಒಲೆ ಹಿಡಿಸಲಿಕ್ಕೆ ಗೆರಟೆ, ಒಣಗಿದ ಮಡಲು, ಕೊತ್ತಳಿಗೆ. ಇದಕ್ಕೆಲ್ಲ ಕತ್ತಿಯೇ ಸಾಕು. ಅಕೇಶಿಯಾ ತುಂಡು ಹೆಬ್ಬೆರಳಿನ ದಪ್ಪ ಸೀಳಬೇಕಾದ್ರೂ ಕತ್ತಿಯ ಬಾಯಿ ತುಂಡಿನ ತಲೆಗೆ ಇಟ್ಟು ಹಿಂಬದಿಗೆ ಮರದ ತುಂಡಿನಲ್ಲಿ ಎರಡು ಪೆಟ್ಟು. ಬೀಸಲಿಕ್ಕೇ ಇಲ್ಲ.

ಪುಟ್ಟ: ಕತ್ತಿಗೆ ಸುತ್ತಿಗೆಯಲ್ಲಿ ಹೊಡೀಬಹುದಾ ಅಮ್ಮ?

ಚಿಕ್ಕಮ್ಮ: ಬೇಡ. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ರೆ ಹಿಂಬದಿ ಅಪ್ಪಚ್ಚಿಯಾಗಿ ಮುಳ್ಳು ಏಳ್ತದೆ, ಕೈಗೆ ಕೊಯ್ತದೆ. ಮತ್ತೆ ತುದಿಯ ಕೊಕ್ಕೆ ಇರುವಲ್ಲಿ ಇಡಬಾರದು, ನೇರ ಬಾಯಿಯಲ್ಲಿ ಇಡಬೇಕು. ಕೊಕ್ಕೆ ಒಳಗೆ ಹೊಕ್ಕಿದ್ರೆ ಎಳೆದ್ರೂ ಬರುವುದಿಲ್ಲ.

ದೊಡ್ಡಪ್ಪ: ಪುಟ್ಟನ ಅಮ್ಮ ಹೇಳಿದ್ದೇ ಸರಿ. ಅಂಗೈ ಅಗಲದ ತುಂಡಿನವರೆಗೆ ಕತ್ತಿ ಸಾಕು. ಅದಕ್ಕಿಂತ ದಪ್ಪದ್ದಕ್ಕೆ ದೊಡ್ಡ ಕೊಡಲಿಯೇ ಬೇಕು, 600 ಗ್ರಾಮಿನದ್ದು ಅಲ್ಲಿ ಆಟಿಕೆ.

ಕುಂದಾಪುರ ಬಾವ: ಹಾಂಗಾರೆ ಕೈಗೊಡಲಿಗೆ ಈ ಮನೆಯಲ್ಲಿ ಕೆಲಸವೇ ಇಲ್ಲೆ ಅಂದಾಯ್ತು!

ದೊಡ್ಡಪ್ಪ: ಮರಗೆಲಸಕ್ಕೆ ಉಂಟು. ದಾರಂದಕ್ಕೆ ಹಲಸಿನ ರೀಪು ತಂದಾಗ ಒಂದು ಬದಿಯಲ್ಲಿ 15 ಮಿ.ಮೀ. ಹೆಚ್ಚಿದ್ರೆ ಕೀಸುಳಿ ಹೊಡೆದು ಯಾವಾಗ ಮುಗಿಯುವುದು? ಗೆರೆ ಹಾಕು, 4-5 ಸೆಂ.ಮೀ.ಗೆ ಒಂದರಂತೆ ಗೆರೆಯ ಹತ್ತಿರದವರೆಗೆ ಅಡ್ಡ ಕಚ್ಚು ಹೊಡಿ. ರೀಪನ್ನು ನಿಲ್ಲಿಸಿ ಕೆಳತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗು. ಕಚ್ಚುಗಳ ನಡುವಿನ ಚಕ್ಕೆ ತಾನಾಗಿ ಎಗರ್ತದೆ. ಗೆರೆಗೆ 2 ಮಿ.ಮೀ. ಬಿಟ್ಟು ನಿಲ್ಲಿಸು, ಉಳಿದದ್ದು ಕೀಸುಳಿಗೆ. ಹಲಸಿನಲ್ಲಿ ನಾರು ಒಂದು ಪದರ ಹೀಗೆ, ಒಂದು ಪದರ ಹಾಗೆ. ಕಚ್ಚು ಹಾಕದೆ ಒಂದೇ ಏಟಿಗೆ ಸೀಳಲು ಹೋದ್ರೆ ಗೆರೆಯ ಒಳಗಿನಿಂದ ಕಿತ್ತುಕೊಂಡು ಬರ್ತದೆ. ಹಸಿ ಹಲಸಾದ್ರೆ ಮೇಣ ಅಂಟಿ ಬಾಯಿ ಜಾರುವುದೇ ಇಲ್ಲ, ನಡುನಡುವೆ ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಬೇಕು.

ಪುಟ್ಟ: ಬಾಚಿ ಉಂಟಲ್ಲ ನಿಮ್ಮ ಹತ್ತಿರ?

ದೊಡ್ಡಪ್ಪ: ಬಾಚಿ ಮಲಗಿಸಿದ ಮರಕ್ಕೆ, ತೋಡಲಿಕ್ಕೆ, ಅಗಲ ಮುಖ ಬಾಚಲಿಕ್ಕೆ. ನಿಲ್ಲಿಸಿದ ರೀಪಿನ ಅಂಚಿಗೆ, ಗೂಟದ ತುದಿ ಚೂಪು ಮಾಡಲಿಕ್ಕೆ ಕೈಗೊಡಲಿಯೇ ಚುರುಕು. ಕೊಳ್ಳುವುದಾದ್ರೆ ತಲೆಯ ಕೆಳಗೆ ಗಡ್ಡದ ಹಾಗೆ ಇಳಿದಿರುವಂಥದ್ದು ನೋಡಬೇಕು. ಬೆರಳು ಬಾಯಿಯ ಬೆನ್ನಿಗೇ ಬರ್ತದೆ, ಸಣ್ಣ ಕೆತ್ತನೆಗೆ ಹಿಡಿತ ಸಿಗ್ತದೆ. ಪುಟ್ಟನ ಫೋಟೋದಲ್ಲಿ ಅದೂ ಇಲ್ಲ.

ಚಿಕ್ಕಮ್ಮ: [ಫೋಟೋ] ಅಟ್ಟದಲ್ಲಿ ಇದೊಂದು ಸಿಕ್ಕಿತು. ಕಾವಿಲ್ಲ, ಬರೀ ತುಕ್ಕು. ಅಡಿಗೆಮನೆ ತಕ್ಕಡಿಯಲ್ಲಿ 640 ಗ್ರಾಂ. ಬಾಯಿ ಒಂಬತ್ತು ಸೆಂಟಿಮೀಟರು.

ದೊಡ್ಡಪ್ಪ: ಗಡ್ಡ ಉಂಟು! ಕಣ್ಣು ದುಂಡೋ, ಮೊಟ್ಟೆಯ ಹಾಗೋ?

ಚಿಕ್ಕಮ್ಮ: ಮೊಟ್ಟೆಯ ಹಾಗೆ. ಉದ್ದ 40 ಮಿ.ಮೀ., ಅಗಲ 20. ಹಿಂಬದಿ ಅಣಬೆಯ ಕೊಡೆಯ ಹಾಗೆ ಹರಡಿದೆ.

ದೊಡ್ಡಪ್ಪ: ಪುಟ್ಟ, ಲಿಂಕ್ ಮುಚ್ಚು. ದುಂಡು ಕಣ್ಣಾಗಿದ್ರೆ ಬೇಡ ಅಂತಿದ್ದೆ, ತಲೆ ಕಾವಿನ ಸುತ್ತ ತಿರುಗ್ತದೆ. ಇದು ಒಳ್ಳೆಯದು. ಹಿಂಬದಿಗೆ ಯಾರೋ ಕಬ್ಬಿಣದ ಸುತ್ತಿಗೆಯಲ್ಲಿ ಬಡಿದಿದ್ದಾರೆ. ಹರಡಿದ ಅಂಚನ್ನು ಅರದಿಂದ ತೆಗೀಬೇಕು, ಇಲ್ಲದಿದ್ರೆ ಮುಂದಿನ ಪೆಟ್ಟಿಗೆ ಚೂರು ಹಾರ್ತದೆ, ನಮ್ಮ ಕಣ್ಣಿಗೆ ಅಪಾಯ. ಅದಕ್ಕೂ ಮುಂಚೆ ಬಿರುಕು ಉಂಟಾ ನೋಡಬೇಕು. ತುಕ್ಕು ಉಜ್ಜಿ ತೆಗೆದು ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ರೆ ಒಳಗಿನ ಎಣ್ಣೆ ಹೊರಗೆ ಬಂದು ಕಪ್ಪು ಗೆರೆ ಬರೀತದೆ. ಕಣ್ಣಿನ ಪಕ್ಕದ ಗೋಡೆ ಮುಖ್ಯ. ಅಲ್ಲಿ ಗೆರೆ ಬಂದ್ರೆ ಗುಜರಿಗೆ.

ಕುಂದಾಪುರ ಬಾವ: ಬಿರುಕು ಇಲ್ಲದಿದ್ರೆ ನಂಗೆ ಕಳ್ಸಿ ಸಣ್ಣತ್ತೆ. ಶೆಡ್ಡಲ್ಲಿ ಗ್ರೈಂಡರಿಗೆ ಹಿಡಿದ್ರೆ ಹತ್ತು ನಿಮಿಷದ ಕೆಲಸ.

ದೊಡ್ಡಪ್ಪ: ಗ್ರೈಂಡರ್ ಬಾಯಿಯ ಹತ್ತಿರ ಬರಕೂಡದು.

ಕುಂದಾಪುರ ಬಾವ: ಮಾವ, ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿದ್ರೆ ಎಂತ ಆಪುದಿಲ್ಲ.

ದೊಡ್ಡಪ್ಪ: ಬಾಯಿ ತೆಳು, ಬಿಸಿ ಹೋಗಲಿಕ್ಕೆ ಅಲ್ಲಿ ಜಾಗ ಇಲ್ಲ. ನೀಲಿ ಬಣ್ಣ ಹತ್ತಿತು ಅಂದ್ರೆ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತು, ಹದ (ಉಕ್ಕಿನ ಗಡಸು) ಹೋಯ್ತು. ಆಮೇಲೆ ಎಷ್ಟು ಮಸೆದ್ರೂ ಎರಡು ಪೆಟ್ಟಿಗೆ ಬಾಯಿ ಮಡಚ್ತದೆ.

ಕುಂದಾಪುರ ಬಾವ: ನೀಲಿ ಬಂದ್ರೆ ಕುಲುಮೆಗೆ ಹಾಕಿ ಎಣ್ಣೆಯಲ್ಲಿ ತಣಿಸಿ ಮತ್ತೆ ಹದ ಕೊಡುಕಾತ್ತು. ಲಾರಿ ಸ್ಪ್ರಿಂಗ್ ಪ್ಲೇಟಿಂದ ಮಾಡಿದ ಕತ್ತಿ ಎಲ್ಲ ಹಾಂಗೇ ಅಲ್ದಾ?

ದೊಡ್ಡಪ್ಪ: ಪ್ಲೇಟಿನದ್ದಾದ್ರೆ ಆಗ್ತದೆ, ಅದು ಪೂರ್ತಿ ಉಕ್ಕು. ಹಳೇ ಕೊಡಲಿಯಲ್ಲಿ ಮೈ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ತುಂಡು ಕಾಯಿಸಿ ಕೂಡಿಸಿರ್ತಾರೆ. ಅರ ಇಟ್ಟು ನೋಡಿ. ಕೆನ್ನೆಯಲ್ಲಿ ಕಚ್ಚಿ ಸುಲಭಕ್ಕೆ ಪುಡಿ ಬರ್ತದೆ, ಬಾಯಿಯ ಹತ್ತಿರ ಬಂದಾಗ ಜಾರಿದ ಹಾಗೆ ಆಗಿ ಸದ್ದು ಬದಲಾಗ್ತದೆ. ಆ ಗಡಿಯಿಂದ ತುದಿಗೆ ಎಷ್ಟು ಉಳಿದಿದೆಯೋ ಅಷ್ಟೇ ಕೊಡಲಿಯ ಆಯುಸ್ಸು. ಗ್ರೈಂಡರ್ ಹತ್ತು ನಿಮಿಷದಲ್ಲಿ ಅದನ್ನೇ ತಿಂದು ಹಾಕ್ತದೆ.

ಕುಂದಾಪುರ ಬಾವ: ಹೂಂ. ಹಿಂಬದಿಗೆ ಮಾತ್ರ ಗ್ರೈಂಡರ್ ಹಿಡಿತೆ. ಅದಕ್ಕಾರೂ ಬಿಡಿ.

ದೊಡ್ಡಪ್ಪ: ಹಿಂಬದಿಗೆ ಧಾರಾಳ ಹಿಡೀರಿ. ಬಾಯಿಗೆ 10 ಇಂಚಿನ ಚಪ್ಪಟೆ ಅರ. ತಲೆಯನ್ನು ವೈಸಿಗೆ ಕಚ್ಚಿಸಿ, ಒಂದೇ ದಿಕ್ಕಿಗೆ ದೂಡಿ, ಹಿಂದೆ ಎಳೆಯುವಾಗ ಎತ್ತಿ. ಕೈಗೆ ದಪ್ಪ ಚೀಲ ಹಾಕಿ, ದೂಡುವುದು ಬಾಯಿಯ ಕಡೆಗೇ. ಆ ಬದಿಯಲ್ಲಿ ಕೂದಲಿನಷ್ಟು ತೆಳು ಅಂಚು ಉಗುರಿಗೆ ಸಿಕ್ಕಿತು ಅಂದ್ರೆ ಈ ಬದಿ ಮುಗಿಯಿತು, ತಿರುಗಿಸಿ. ಕೊನೆಗೆ ಸಾಣೆಕಲ್ಲನ್ನು ಒದ್ದೆ ಮಾಡಿ ಸಣ್ಣ ವೃತ್ತದಲ್ಲಿ ಉಜ್ಜಿ ಆ ಅಂಚನ್ನು ತೆಗೆದು ಬಿಡಿ. ಬೆಳಕಿಗೆ ಹಿಡಿದಾಗ ಬಾಯಿಯಲ್ಲಿ ಬಿಳಿ ಗೆರೆ ಹೊಳೆದ್ರೆ ಅಲ್ಲಿ ಇನ್ನೂ ಮೊಂಡು. ಚೂಪಾದ ಬಾಯಿ ಕಾಣುವುದೇ ಇಲ್ಲ.

ಕುಂದಾಪುರ ಬಾವ: ಕಾವು ನನ್ನ ಲೆಕ್ಕ. ಮುಕ್ಕಾಲು ಇಂಚಿನ ಪೈಪ್ ವೆಲ್ಡ್ ಮಾಡಿ ರಬ್ಬರ್ ಹಾಕಿಬಿಡ್ತೆ. ಮಳೆ ಬೇಸಿಗೆ ಎಂಥ ತಲೆಬಿಸಿಯೂ ಇಲ್ಲೆ.

ದೊಡ್ಡಪ್ಪ: ಅಳಿಯಂದಿರೇ!! ವೆಲ್ಡಿಂಗ್ ಬಿಸಿಗೆ ಕಣ್ಣಿನಿಂದ ಬಾಯಿಗೆ ನಾಲ್ಕು ಬೆರಳು ಕೂಡ ದೂರ ಇಲ್ಲ, ಗ್ರೈಂಡರಿನಿಂದ ಉಳಿಸಿದ ಹದ ಅಲ್ಲಿ ಹೋಗ್ತದೆ. ಪೈಪಿನಲ್ಲಿ ಪ್ರತಿ ಪೆಟ್ಟು ಮಣಿಕಟ್ಟಿಗೇ ಬರ್ತದೆ.

ಅಕ್ಕ (ದೊಡ್ಡಪ್ಪನ ಮಗಳು, ಬಾವನ ಹೆಂಡತಿ): ‘ಕೊಡಲಿ ಕಾವು ಕುಲಕ್ಕೆ ಸಾವು’ ಅಂತ ಇವರು ಮರದ ಕಾವು ಬೇಡ ಅಂತಿರಬೇಕು ಅಪ್ಪ 😄

ದೊಡ್ಡಪ್ಪ: ತಡಸಲು ಸಿಕ್ಕಿದ್ರೆ ಅದಕ್ಕಿಂತ ಒಳ್ಳೆಯ ಕಾವಿಲ್ಲ, ಬಾಗಿ ಪೆಟ್ಟು ತಿನ್ನುವ ಮರ. ಸಿಗದಿದ್ರೆ ಪೇರಳೆಯ ನೇರ ಕೊಂಬೆ ಆದೀತು. ಸಾಗುವಾನಿ ಹಗುರ, ಆದ್ರೆ ಪೆಟ್ಟಿಗೆ ಚಟ್ಟಂತ ಮುರೀತದೆ. ಮಾವು ಬೇಡವೇ ಬೇಡ. ಉದ್ದ ಹೇಗೆ ಅಂದ್ರೆ ತಲೆಯನ್ನು ಅಂಗೈಯಲ್ಲಿ ಹಿಡಿದಾಗ ಕಾವಿನ ತುದಿ ಮೊಣಕೈ ಮಡಿಕೆಗೆ ಬರಬೇಕು, 38 ಸೆಂ.ಮೀ. ಆಸುಪಾಸು. ಹಿಡಿಯುವ ತುದಿ ಸ್ವಲ್ಪ ದಪ್ಪ ಬಿಡಬೇಕು, ಬೀಸುವಾಗ ಕೈಯಿಂದ ಜಾರದ ಹಾಗೆ.

ಪುಟ್ಟ: ಈಗಲೇ ಹಾಕಿಬಿಡುವುದಾ? ಆದಿತ್ಯವಾರ ಬರ್ತೇನೆ.

ದೊಡ್ಡಪ್ಪ: ಜುಲೈಯಲ್ಲಾ? ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಬೀಳುವ ಊರು ಇದು. ಈಗ ಮರ ನೀರು ಕುಡಿದು ಉಬ್ಬಿರ್ತದೆ. ಇವತ್ತು ಬಿಗಿಯಾಗಿ ಕೂರಿಸಿದ್ರೆ ಮಾರ್ಚಿಗೆ ಒಣಗಿ ಕುಗ್ಗಿ ತಲೆ ಕುಣೀತದೆ. ಕಾವಿನ ಮರ ಎರಡು ತಿಂಗಳು ಒಲೆಯ ಮೇಲಿನ ಅಟ್ಟದಲ್ಲಿ ಇರಲಿ, ಆಮೇಲೆ ಕೂರಿಸುವ.

ಚಿಕ್ಕಮ್ಮ: ಸಡಿಲ ಆದ್ರೆ ರಾತ್ರಿ ಬಾಲ್ದಿ ನೀರಲ್ಲಿ ಮುಳುಗಿಸಿಟ್ಟರಾಯ್ತು ಅಂತಾರಲ್ಲ ಬಾವ?

ದೊಡ್ಡಪ್ಪ: ಆ ದಿನಕ್ಕೆ ಬಿಗಿ ಆಗ್ತದೆ. ಆದ್ರೆ ಉಬ್ಬಿದ ನಾರು ಕಬ್ಬಿಣದ ಕಣ್ಣಿಗೆ ಒತ್ತಿ ಜಜ್ಜಿ ಹೋಗ್ತದೆ. ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲ. ಒಳಗಿಂದ ತುಕ್ಕು ಬೇರೆ. ಬೆಣೆಯೇ ಸರಿ. ಕಾವಿನ ತಲೆಯಲ್ಲಿ ಕಣ್ಣಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು ಗರಗಸದ ಸೀಳು, 40 ಮಿ.ಮೀ. ಉದ್ದದ ದಿಕ್ಕಿಗೆ. ಕಾವನ್ನು ತಲೆಗೆ ಸಿಕ್ಕಿಸಿ, ತಲೆ ಕೆಳಗೆ ನೇತಾಡುವ ಹಾಗೆ ಗಾಳಿಯಲ್ಲೇ ಹಿಡಿದು ಕಾವಿನ ತುದಿಗೆ ಕೊಡತಿಯಲ್ಲಿ (ಮರದ ಸುತ್ತಿಗೆಯಲ್ಲಿ) ಬಡಿ. ತಲೆ ತನ್ನ ಭಾರಕ್ಕೆ ನಿಂತಲ್ಲೇ ನಿಲ್ತದೆ, ಕಾವು ಒಳಗೆ ಇಳೀತಾ ಹೋಗ್ತದೆ. ಕೊನೆಗೆ ಕಣ್ಣಿನ ಆಚೆ 3-4 ಮಿ.ಮೀ. ಹೊರಗೆ ಇಣುಕಬೇಕು. ಆಮೇಲೆ ಒಣಗಿದ ಗಟ್ಟಿ ಮರದ ಬೆಣೆ. ಕಬ್ಬಿಣದ ಮೊಳೆ ಹೊಡೆದು ಬಿಗಿ ಮಾಡಬೇಡ, ಕಾವಿನ ತಲೆ ಸೀಳ್ತದೆ.

ಪುಟ್ಟ: ಕಾವಿಗೆ ತೆಂಗಿನೆಣ್ಣೆ ಸಾಕಲ್ಲ?

ದೊಡ್ಡಪ್ಪ: ಕಬ್ಬಿಣಕ್ಕೆ ಸಾಕು, ಉಪ್ಪುಗಾಳಿಗೆ ವಾರಕ್ಕೊಮ್ಮೆ ಒರೆಸಿದ್ರೆ ತುಕ್ಕು ಬರುವುದಿಲ್ಲ. ಕಾವಿಗೆ ಅದು ಒಣಗುವುದೇ ಇಲ್ಲ, ಅಂಟಂಟು. ಅಗಸೆ ಎಣ್ಣೆ ಗಟ್ಟಿ ಕಟ್ಟುತ್ತದೆ. ಮೂರು ಸಲ ತೆಳ್ಳಗೆ ಉಜ್ಜು, ಬೆಣೆ ಇರುವ ತಲೆಯಲ್ಲಿ ಕುಡಿಯುವಷ್ಟು ಕುಡಿಸು. ಚರ್ಮದ ಚೀಲದಲ್ಲಿ ಹಾಕಿ ಇಡಬೇಡ, ಮಳೆಗಾಲದಲ್ಲಿ ಚರ್ಮವೇ ತೇವ ಹಿಡಿದಿಟ್ಟು ತುಕ್ಕು ತರ್ತದೆ.

ಅಕ್ಕ: ಅಗಸೆ ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಬಿಸಾಡಬೇಡ ಪುಟ್ಟ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ತದೆ. ಹೊರಗೆ ಬಿಡಿಸಿ ಹಾಕು, ಇಲ್ಲ ನೀರಿನ ಡಬ್ಬದಲ್ಲಿ ಮುಳುಗಿಸು.

ಚಿಕ್ಕಮ್ಮ: ಬಿರುಕು ನೋಡಿ ಆಯ್ತು. ಕಣ್ಣಿನ ಹತ್ತಿರ ಗೆರೆ ಇಲ್ಲ. ಬಾಯಿಯ ಒಂದು ಮೂಲೆಯಲ್ಲಿ ಮಾತ್ರ ಸಣ್ಣದು, ಅಕ್ಕಿಕಾಳಿನಷ್ಟು.

ದೊಡ್ಡಪ್ಪ: ಮೂಲೆಯದ್ದು ಅರದಲ್ಲಿ ಉಜ್ಜಿ ದುಂಡು ಮಾಡಿದ್ರೆ ಮುಗಿಯಿತು. ತಡಸಲು 50 ಸೆಂ.ಮೀ. ತುಂಡು ಕಾರ್ಕಳದಿಂದ ನಾನು ಕಳಿಸ್ತೇನೆ, ಅಟ್ಟಕ್ಕೆ ಹಾಕಿ. ಸೆಪ್ಟೆಂಬರ್ ಕೊನೆಗೆ ಬಂದು ಕೂರಿಸ್ತೇನೆ. ಎರಡೂ ಬದಿ ಮಸೆದು, 25 ಡಿಗ್ರಿ. ಸೌದೆಗೆ ಯಾರೂ ಮುಟ್ಟಬಾರದು.

ಕುಂದಾಪುರ ಬಾವ: ಪೈಪ್ ಒಂದು ತುಂಡು ಮಾಡಿ ಇಟ್ಟಿರ್ತೆ ಮಾವ. ನಾಳೆ ಬೇಕಾದ್ರೆ.

ದೊಡ್ಡಪ್ಪ: ತನ್ನಿ. ಒಲೆ ಊದಲಿಕ್ಕೆ ಆಗ್ತದೆ.