ಆಟಿಸಂ ಇರುವವರು ನೆಮ್ಮದಿಯಿಂದ ಬಲಿಪೂಜೆಗೆ ಬರಲು ಏನು ಮಾಡಬಹುದು: ಹಾಸನ, ಚಿಕ್ಕಮಗಳೂರಿನವರ ಅನುಭವಗಳು

ಕೇಳಿದವರು: ಹಾಸನ ನಗರದ ಒಂದು ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್‌ನ) ಪಾಲನಾ ಪರಿಷತ್ತಿನ ಸದಸ್ಯೆ

ಆಟಿಸಂ ಇರುವ ಮಕ್ಕಳ ಎರಡು ಕುಟುಂಬಗಳು ನಮ್ಮಲ್ಲಿ ಭಾನುವಾರದ ಬಲಿಪೂಜೆಗೆ (ಮಾಸ್‌ಗೆ) ಬರುವುದನ್ನು ನಿಲ್ಲಿಸಿವೆ. ಬರಬೇಡಿ ಎಂದು ಯಾರೂ ಹೇಳಿಲ್ಲ. ಆದರೆ ಮಗು ಕೂಗಿದಾಗಲೆಲ್ಲ ಹಿಂತಿರುಗಿ ನೋಡುವ ಮುಖಗಳನ್ನು ಅವರಾದರೂ ಎಷ್ಟು ವಾರ ಸಹಿಸಿಯಾರು? ಹೆಚ್ಚು ಖರ್ಚಿಲ್ಲದೆ ಒಂದು ಸಾಮಾನ್ಯ ದೇವಾಲಯ (ಚರ್ಚ್) ಏನೇನು ಮಾಡಬಹುದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಚಿಕ್ಕಮಗಳೂರಿನ ಒಬ್ಬ ತಾಯಿ

ಸಹೋದರಿಯವರೇ, ನನ್ನ ಮಗನಿಗೆ ಈಗ 14 ವರ್ಷ. ಮಾತು ಕಡಿಮೆ, ಆದರೆ ಬಲಿಪೂಜೆಯ ಕ್ರಮವೆಲ್ಲ ಅವನಿಗೆ ಬಾಯಿಪಾಠವಾಗಿದೆ. ಇಂಥ ಮಕ್ಕಳಿಗೆ ಪೂಜೆಯೇ ಕಷ್ಟವೆಂದು ಹಲವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ, ವಾರವಾರವೂ ಅದೇ ಕ್ರಮದಲ್ಲಿ, ಅವೇ ಮಾತುಗಳಲ್ಲಿ ನಡೆಯುವ ಬಲಿಪೂಜೆಯಷ್ಟು ಅವನಿಗೆ ಒಗ್ಗಿದ ಸಂಗತಿ ಮತ್ತೊಂದಿಲ್ಲ. ಅವನನ್ನು ಕಂಗೆಡಿಸುವುದು ಆ ಕ್ರಮ ಸುಳಿವು ಕೊಡದೆ ಬದಲಾಗುವ ಗಳಿಗೆ. ಒಂದು ವರ್ಷ ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಮೊದಲ ಭಾನುವಾರ ಗುರುಗಳು ಮಹಿಮಾಗೀತೆಯನ್ನು (‘ಗ್ಲೋರಿಯಾ’ ಸ್ತುತಿಯನ್ನು) ಬಿಟ್ಟು ಮುಂದಿನ ಪ್ರಾರ್ಥನೆಗೆ ಹೋದಾಗ, ಅವನು ಎದ್ದುನಿಂತು, ಕಿವಿ ಮುಚ್ಚಿಕೊಂಡು, ಆ ಗೀತೆಯನ್ನು ತಾನೇ ಕೊನೆಯವರೆಗೂ ಕೂಗಿ ಹೇಳಿದ. ತಪಸ್ಸುಕಾಲದ ಮತ್ತು ಆಗಮನಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳ) ಭಾನುವಾರಗಳಲ್ಲಿ ಆ ಗೀತೆ ಇರುವುದಿಲ್ಲವೆಂಬುದು ನಮಗೆ ಗೊತ್ತು, ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಮನೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರಗಳಿಗೆ ನೇರಳೆ ಬಣ್ಣ ಹಚ್ಚಿದ್ದೇವೆ. ಗುರುಗಳು ಪೀಠಕ್ಕೆ ಬರುತ್ತಿದ್ದಂತೆ ಅವನು ಅವರ ಮೇಲುವಸ್ತ್ರವನ್ನು ನೋಡುತ್ತಾನೆ, ನೇರಳೆಯಾಗಿದ್ದರೆ ‘ಇವತ್ತು ಇಲ್ಲ’ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನೆ ಕುಳಿತುಕೊಳ್ಳುತ್ತಾನೆ.

ಆದ್ದರಿಂದ ನಾನು ಕೇಳುವ ಮೊದಲನೆಯ ಸಹಾಯವೆಂದರೆ ಮುನ್ಸೂಚನೆ. ನಮ್ಮ ಧರ್ಮಕೇಂದ್ರದಲ್ಲಿ ಶನಿವಾರ ಸಂಜೆಯೇ ವಾಟ್ಸಾಪ್ ಗುಂಪಿನಲ್ಲಿ ನಾಳೆ ಧೂಪವಿದೆಯೇ, ತೀರ್ಥ ಪ್ರೋಕ್ಷಣೆ ಇದೆಯೇ, ಪೂಜೆ ಎಂದಿಗಿಂತ ದೀರ್ಘವಾಗಲಿದೆಯೇ ಎಂದು ತಿಳಿಸುತ್ತಾರೆ. ಹೇಳದೆ ಮುಖದ ಮೇಲೆ ಬೀಳುವ ನಾಲ್ಕು ಹನಿ ನೀರು ನಿಮಗೆ ಆಶೀರ್ವಾದವಾಗಿರಬಹುದು, ನನ್ನ ಮಗನಿಗೆ ಅದು ಪೆಟ್ಟು. ಪಾಸ್ಖ ಜಾಗರಣೆಯಲ್ಲಿ (ಈಸ್ಟರಿನ ಹಿಂದಿನ ರಾತ್ರಿಯ ಪೂಜೆಯಲ್ಲಿ) ಕತ್ತಲೆಯಿಂದ ದೀಪಗಳೆಲ್ಲ ಹೊತ್ತಿಕೊಂಡು ಗಂಟೆಗಳು ಒಟ್ಟಿಗೆ ಮೊಳಗುವ ಹೊತ್ತಿಗೆ ನಾವಿಬ್ಬರೂ ಅಂಗಳದಲ್ಲಿರುತ್ತೇವೆ, ಸದ್ದು ಅಡಗಿದ ಮೇಲೆ ಒಳಗೆ ಬರುತ್ತೇವೆ. ಮಲೆನಾಡಿನ ದೇವಾಲಯಗಳಿಗೆ ಇನ್ನೊಂದು ಮಾತು: ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಬೀಳುವಾಗ ಅದನ್ನು ಮೀರಿಸಲೆಂದು ಮೈಕಿನ ಧ್ವನಿಯನ್ನು ಏರಿಸುತ್ತಾ ಹೋಗಬೇಡಿ, ಎರಡು ಸದ್ದುಗಳ ನಡುವೆ ಈ ಮಕ್ಕಳು ನಲುಗಿಹೋಗುತ್ತಾರೆ. ಗಾಯನವೃಂದವಿಲ್ಲದ ಬೆಳಗಿನ ಮೊದಲ ಪೂಜೆ ನಿಮ್ಮಲ್ಲಿದ್ದರೆ ಆ ಎರಡು ಕುಟುಂಬಗಳನ್ನು ಅದಕ್ಕೇ ಕರೆಯಿರಿ. ನಮಗೆ ಹಿಂಬದಿಯಲ್ಲಿ ಗಾಜಿನ ಕಿಟಕಿಯ ಒಂದು ಕೋಣೆಯನ್ನೂ ಬಿಟ್ಟುಕೊಟ್ಟಿದ್ದಾರೆ, ಅದರಿಂದ ಬಹಳ ಉಪಕಾರವಾಗಿದೆ.

ಮೂಡಿಗೆರೆ ತಾಲ್ಲೂಕಿನ ಒಬ್ಬ ಧರ್ಮೋಪದೇಶ ಶಿಕ್ಷಕಿ

ಪರಮಪ್ರಸಾದದ (ಬಲಿಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿ, ದ್ರಾಕ್ಷಾರಸದ) ಸಿದ್ಧತೆಯ ಬಗ್ಗೆ ಮಾತ್ರ ಬರೆಯುತ್ತೇನೆ. ‘ಅವನಿಗೆ ಅರ್ಥವಾಗುವುದಿಲ್ಲ, ಇನ್ನೊಂದು ವರ್ಷ ನೋಡೋಣ’ ಎಂಬ ಮಾತನ್ನು ತಂದೆತಾಯಿಯರು ವರ್ಷವರ್ಷವೂ ಕೇಳುತ್ತಿರುತ್ತಾರೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 777ನೇ ವಿಧಿಯು, ದೈಹಿಕ ಅಥವಾ ಮಾನಸಿಕ ನ್ಯೂನತೆ ಇರುವವರಿಗೂ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯವೆಂದು ಹೇಳುತ್ತದೆ. 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮೋಪದೇಶ ಮಾರ್ಗದರ್ಶಿಯು ಅಂಗವೈಕಲ್ಯ ಇರುವವರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದೆ. ನಿಮ್ಮ ಪರಿಷತ್ತಿನಲ್ಲಿ ಯಾರಾದರೂ ಅಡ್ಡಮಾತನಾಡಿದರೆ ಇವೆರಡನ್ನೂ ವಿನಯದಿಂದಲೇ ಮುಂದಿಡಿ.

ಕಲಿಸುವ ಕೆಲಸದಲ್ಲಿ ತೊಡಕಾದದ್ದು ನಂಬಿಕೆಯ ವಿಷಯವಲ್ಲ, ಓಸ್ತಿಯ (ಪ್ರಸಾದದ ತೆಳು ರೊಟ್ಟಿಯ) ಸ್ಪರ್ಶ. ನಾಲಿಗೆಗೆ ಅಂಟಿಕೊಂಡು ನಿಧಾನವಾಗಿ ಕರಗುವ ಆ ತೆಳು ಹಾಳೆಯನ್ನು ನನ್ನ ವಿದ್ಯಾರ್ಥಿನಿಯೊಬ್ಬಳು ಸಹಿಸಲಾರದೆ ಉಗಿದುಬಿಡುತ್ತಿದ್ದಳು. ಗುರುಗಳು ಪವಿತ್ರೀಕರಿಸದ ಕೆಲವು ಓಸ್ತಿಗಳನ್ನು ಕೊಟ್ಟರು. ಅವಳ ಅಜ್ಜಿ ಮನೆಯಲ್ಲಿ ಮೊದಲು ಅಂಗೈಯಲ್ಲಿ ಇಡಿಸಿ, ಆಮೇಲೆ ತುಟಿಗೆ ತಾಗಿಸಿ, ಕೊನೆಗೆ ಉಗುರಿನಷ್ಟು ಚೂರನ್ನು ಒಂದು ಗುಟುಕು ನೀರಿನೊಂದಿಗೆ ನುಂಗಿಸಿ ಅಭ್ಯಾಸ ಮಾಡಿಸಿದರು. ಚಿಕ್ಕ ಚೂರಿನಲ್ಲಿಯೂ ಪ್ರಸಾದ ಪೂರ್ಣವೇ. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಷ್ಟೇ ಕೊಡಲು ಅದೇ ಕಾನೂನು ಸಂಹಿತೆಯ 925ನೇ ವಿಧಿಯಲ್ಲಿ ಅವಕಾಶವಿದೆ.

ಇನ್ನೊಂದು ವಿಷಯ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಸರ್ಕಾರಿ ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ. ದೇವಾಲಯದಲ್ಲಿ ಆ ಕಾಗದವನ್ನು ಕೇಳುವ ಅಗತ್ಯ ಯಾರಿಗೂ ಇಲ್ಲ.

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು

ನನಗೇ ಆಟಿಸಂ ಇದೆ, ತಿಳಿದದ್ದು ದೊಡ್ಡವನಾದ ಮೇಲೆ. ಮೇಲಿನ ತಾಯಿಯವರ ಅನುಭವವನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ತಿಳಿಸುತ್ತೇನೆ. ಗಾಜಿನ ಕೋಣೆ ಇರಲಿ. ಆದರೆ ಸ್ವಯಂಸೇವಕರು ನಮ್ಮನ್ನು ಕಂಡ ಕೂಡಲೇ ಅದರತ್ತ ಕೈತೋರಿಸುವಂತಾದರೆ ಅದು ಆಶ್ರಯವಾಗಿ ಉಳಿಯುವುದಿಲ್ಲ. ಯಾವಾಗ ಹೋಗಬೇಕು, ಯಾವಾಗ ಮರಳಬೇಕು ಎಂಬುದನ್ನು ನಾವೇ ನಿರ್ಧರಿಸಬೇಕು. ನನಗೆ ಬೇಕಾದದ್ದು ಪಕ್ಕದ ಬಾಗಿಲಿಗೆ ಹತ್ತಿರವಿರುವ ಬೆಂಚಿನ ತುದಿಯ ಜಾಗ, ಮತ್ತು ನಾನು ಪ್ರಬೋಧನೆಯ ನಡುವೆ ಎದ್ದುಹೋಗಿ ಮರಳಿದರೆ ಅದನ್ನು ಗುರುಗಳಿಗೆ ತೋರಿದ ಅಗೌರವವೆಂದು ತಿಳಿಯದ ಸಭೆ.

ಬಲಿಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿಯನ್ನು ಕೋರುವಾಗ ಕೈಮುಗಿಯುವ ನಮ್ಮ ವಾಡಿಕೆ ನನ್ನಂಥವರಿಗೆ ವರವಾಗಿದೆ. ಈಚೆಗೆ ಯುವಕರು ಬೆಂಚು ದಾಟಿ ಬಂದು ಕೈಕುಲುಕಿ ಬೆನ್ನು ತಟ್ಟುವುದನ್ನು ಉತ್ಸಾಹವೆಂದುಕೊಂಡಿದ್ದಾರೆ. ದಯವಿಟ್ಟು ಅದನ್ನು ಒತ್ತಾಯ ಮಾಡಬೇಡಿ. ಕಣ್ಣಿಟ್ಟು ನೋಡದಿದ್ದರೆ ಕೇಳಿಸಿಕೊಳ್ಳುತ್ತಿಲ್ಲವೆಂದು ಅರ್ಥವಲ್ಲ. ಪಾಪನಿವೇದನೆಗೆ ಎದುರುಬದುರು ಕೂರುವುದಕ್ಕಿಂತ ಜಾಲರಿಯ ಹಿಂದಿನಿಂದ, ಚೀಟಿಯಲ್ಲಿ ಬರೆದುಕೊಂಡು ಓದುವುದು ನನಗೆ ಎಷ್ಟೋ ಸುಲಭ. ನನ್ನ ಗುರುಗಳು ಚೀಟಿಯನ್ನು ಆಕ್ಷೇಪಿಸಿಲ್ಲ, ಅದನ್ನು ನಾನು ಮನೆಗೆ ಬಂದು ಒಲೆಗೆ ಹಾಕುತ್ತೇನೆ.

ಮತ್ತೊಂದು ವಿನಂತಿ: ಎಲ್ಲರೂ ಮಕ್ಕಳ ಬಗ್ಗೆಯೇ ಬರೆಯುತ್ತಿದ್ದಾರೆ. ಆ ಮಕ್ಕಳು ಬೆಳೆಯುತ್ತಾರೆ. ನಾನು ಎರಡನೆಯ ವಾಚನ ಓದುತ್ತೇನೆ, ಕಾಣಿಕೆಯ ಲೆಕ್ಕ ಬರೆಯುತ್ತೇನೆ. ಕೆಲಸವಿದ್ದಾಗ ದೇವಾಲಯದಲ್ಲಿ ಹೇಗಿರಬೇಕೆಂಬ ಗೊಂದಲ ನನಗೆ ಅರ್ಧ ಇಳಿಯುತ್ತದೆ.

ಸಕಲೇಶಪುರದ ಕಡೆಯ ಒಂದು ಪ್ರೊಟೆಸ್ಟಂಟ್ ಸಭೆಯ ಹಿರಿಯರು

ನಮ್ಮ ಆರಾಧನೆಯಲ್ಲಿ ಡ್ರಮ್ಸು, ಕೀಬೋರ್ಡು, ‘ಪಕ್ಕದವರನ್ನು ನೋಡಿ ಹೇಳಿರಿ’ ಎಂಬ ಕರೆ ಎಲ್ಲವೂ ಉಂಟು. ಸ್ಪೀಕರುಗಳನ್ನು ಒಂದೇ ಬದಿಗೆ ತಿರುಗಿಸಿ ಇನ್ನೊಂದು ಬದಿಯ ಸಾಲುಗಳನ್ನು ಶಾಂತವಾಗಿ ಉಳಿಸಿದ್ದೇವೆ. ಅದಕ್ಕಿಂತ ಕಠಿಣವಾದದ್ದು ಬೇರೆ. ಮಗು ಕೂಗಿಕೊಂಡಾಗ ದೆವ್ವ ಹಿಡಿದಿದೆಯೆಂದು ನಾಲ್ಕಾರು ಜನ ಸುತ್ತುವರಿದು, ತಾಯಿಯ ಅನುಮತಿಯನ್ನೂ ಕೇಳದೆ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸುವ ಅಭ್ಯಾಸ ನಮ್ಮ ಕಡೆ ಇತ್ತು. ಹುಟ್ಟುಕುರುಡನನ್ನು ಕುರಿತು ಯಾರು ಪಾಪಮಾಡಿದರು ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಕರ್ತನು ಹೇಳಿದ್ದನ್ನು (ಯೋಹಾನ 9) ಸಭಾಪಾಲಕರು ಪ್ರಸಂಗದಲ್ಲಿ ವಿವರಿಸಿ, ಕೇಳದೆ ಯಾರ ಮಗುವನ್ನೂ ಮುಟ್ಟಬಾರದೆಂದು ತಿಳಿಸಿದರು. ಒಪ್ಪದವರು ಈಗಲೂ ಇದ್ದಾರೆ, ಆದರೆ ಕೈಯಿಡುವುದು ನಿಂತಿದೆ.

ಚಿಕ್ಕಮಗಳೂರಿನ ತಾಯಿ, ಮತ್ತೆ

ಕೋಣೆಯ ಬಗ್ಗೆ ಸಹೋದರರು ಹೇಳಿದ್ದನ್ನು ಒಪ್ಪುತ್ತೇನೆ. ನಮ್ಮಲ್ಲಿ ಯಾರೂ ಅತ್ತ ಕೈತೋರಿಸುವುದಿಲ್ಲ, ಅದಕ್ಕೇ ಅದು ಒಳ್ಳೆಯದೆನಿಸಿರಬೇಕು. ಮರೆತಿದ್ದೆ, ವಾರ್ಷಿಕ ಹಬ್ಬದ ಮೆರವಣಿಗೆಯ ದಿನ ಪಟಾಕಿ ಎಷ್ಟು ಗಂಟೆಗೆ, ಯಾವ ತಿರುವಿನಲ್ಲಿ ಹಚ್ಚುತ್ತೀರಿ ಎಂಬುದನ್ನು ಆ ಎರಡು ಕುಟುಂಬಗಳಿಗೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ (ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬ) ಮಾತೆಗೆ ಹೂವು ಅರ್ಪಿಸುವ ಮಕ್ಕಳ ಸಾಲಿಗೂ ಅವರ ಮಕ್ಕಳನ್ನು ಕರೆಯಿರಿ. ಸಾಲಿನ ಕೊನೆಯಲ್ಲಿ ನಿಲ್ಲಿಸಿದರೆ ಹಿಂದಿನಿಂದ ಯಾರೂ ತಳ್ಳುವುದಿಲ್ಲ.