30 ಆಂಪಿಯರ್‌ಗೆ ಸರ್ಕ್ಯೂಟ್ ಬೋರ್ಡ್ ಕಪ್ಪಾಗುತ್ತಿದೆ, ಏನು ಮಾಡಲಿ?

ತಾರಿಹಾಳ, ಹುಬ್ಬಳ್ಳಿ: ಬ್ಯಾಟರಿ ತಳ್ಳುಗಾಡಿಗೆ 48 ವೋಲ್ಟ್ ಮೋಟರ್ ಕಂಟ್ರೋಲರ್ ಮಾಡುತ್ತಿದ್ದೇನೆ. ಲೋಡ್ ಬಿದ್ದರೆ 30 ಆಂಪಿಯರ್ ಎಳೆಯುತ್ತದೆ. ಎರಡೇ ನಿಮಿಷಕ್ಕೆ ಬ್ಯಾಟರಿಯಿಂದ ಮಾಸ್ಫೆಟ್‌ಗೆ (ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಹೋಗುವ ಟ್ರ್ಯಾಕ್, ಅಂದರೆ ಬೋರ್ಡ್ ಮೇಲಿನ ತಾಮ್ರದ ಪಟ್ಟಿ, ಕಪ್ಪಾಗುತ್ತದೆ. ಟ್ರ್ಯಾಕ್ 3 ಮಿ.ಮೀ. ಅಗಲ, 6 ಸೆಂ.ಮೀ. ಉದ್ದ, ತಾಮ್ರ ಮಾಮೂಲಿ 1 ಔನ್ಸ್. ಮೇಲೆ ಸೋಲ್ಡರ್ ಸುರಿದೆ, ಸಾಕಾಗಲಿಲ್ಲ. ಮೂರು ಬೋರ್ಡ್ ಹೋದವು. ಅನುಭವ ಇದ್ದವರು ಹೇಳ್ರಿ.

ಧಾರವಾಡ: ಮೊದಲು ಲೆಕ್ಕ ಹಾಕಿ ಸರ್. 1 ಔನ್ಸ್ ಅಂದರೆ ಬರೀ 35 ಮೈಕ್ರಾನ್ ದಪ್ಪ. ನಿಮ್ಮ ಟ್ರ್ಯಾಕಿನ ರೆಸಿಸ್ಟೆನ್ಸ್ ಸುಮಾರು 10 ಮಿಲಿಓಮ್. ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? 30 ಆಂಪಿಯರ್ ಹರಿದರೆ ಅದೇ 9 ವ್ಯಾಟ್. ಮನೆಯ ಎಲ್‌ಇಡಿ ಬಲ್ಬ್ ತಿನ್ನುವಷ್ಟು ಪವರನ್ನು ಆ ಸಣ್ಣ ಪಟ್ಟಿಯೇ ತಿನ್ನುತ್ತಿದೆ. ಬಿಸಿ 20 ಡಿಗ್ರಿಗಿಂತ ಜಾಸ್ತಿ ಏರಬಾರದು ಅಂದರೆ, ಬೋರ್ಡ್ ವಿನ್ಯಾಸದ ಐಪಿಸಿ-2221 ಮಾನದಂಡದ ಸೂತ್ರದ ಪ್ರಕಾರ 1 ಔನ್ಸ್‌ಗೆ 21 ಮಿ.ಮೀ. ಅಗಲ ಬೇಕು. 2 ಔನ್ಸ್ ಮಾಡಿಸಿದರೂ 11 ಮಿ.ಮೀ. ಆ 20 ಡಿಗ್ರಿ ಸುತ್ತಲಿನ ಬಿಸಿಯ ಮೇಲೆ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಎಷ್ಟಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಗದಗ: ಇನ್ವರ್ಟರ್ ರಿಪೇರಿ ಮಾಡುವವನು ನಾನು. ತಮ್ಮಾ, ಸೋಲ್ಡರ್ ಸುರಿಯುವುದು ಸುಮ್ನೆ ಸಮಾಧಾನಕ್ಕೆ. ತಾಮ್ರಕ್ಕಿಂತ ಅದರ ರೆಸಿಸ್ಟೆನ್ಸ್ ಎಷ್ಟೋ ಪಟ್ಟು ಜಾಸ್ತಿ. ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸುಲಿದು, ಟ್ರ್ಯಾಕ್ ಮೇಲಿನ ಹಸಿರು ಬಣ್ಣ ಕೆರೆದು, ಉದ್ದಕ್ಕೂ ಮಲಗಿಸಿ ಬೆಸೆ. ಇನ್ನೊಂದು ಮಾತು. ವೈರ್ ಕೂರುವ ಟರ್ಮಿನಲ್ ಪ್ಯಾಡನ್ನು ಅಗಲ ತಾಮ್ರಕ್ಕೆ ಸೇರಿಸುವಾಗ ಬೋರ್ಡ್ ಡಿಸೈನ್ ಸಾಫ್ಟ್‌ವೇರ್ ತಾನಾಗಿಯೇ ನಾಲ್ಕು ಸಣ್ಣ ಕಾಲು ಹಾಕುತ್ತದೆ, ಬೆಸೆಯುವ ಬಿಸಿ ತಾಮ್ರಕ್ಕೆಲ್ಲ ಹರಡದಿರಲಿ ಅಂತ; ಅದಕ್ಕೆ ಥರ್ಮಲ್ ರಿಲೀಫ್ ಅನ್ನುತ್ತಾರೆ. ನಾನು ಮೊದಲ ಬೋರ್ಡಿನಲ್ಲಿ ಅದನ್ನು ನೋಡಲೇ ಇಲ್ಲ. ಪಟ್ಟಿ 15 ಮಿ.ಮೀ. ಇತ್ತು, ಸುಟ್ಟಿದ್ದು ಆ ಕಾಲುಗಳು. ಪವರ್ ಪ್ಯಾಡಿಗೆ ಅದನ್ನು ತೆಗೆದುಹಾಕು. ಬೆಸೆಯುವಾಗ ದೊಡ್ಡ ಐರನ್ ಬೇಕಾಗುತ್ತದೆ, ಆಗಲಿ ಬಿಡು.

ಹಾವೇರಿ: ತಾಮ್ರ ದಪ್ಪ ಮಾಡಿದ ಮೇಲೂ ನನ್ನ ಮಾಸ್ಫೆಟ್‌ಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಬ್ಯಾಡಗಿ ಮೆಣಸಿನಕಾಯಿ ಹುರಿದಾಗಲೂ ಅಷ್ಟು ಕೆಮ್ಮು ಬಂದಿರಲಿಲ್ಲ! ಕೆಪಾಸಿಟರ್‌ಗಳು ಚೆಂದ ಕಾಣಲಿ ಅಂತ ಮಾಸ್ಫೆಟ್‌ಗಳಿಂದ ದೂರ, ಬೋರ್ಡಿನ ಇನ್ನೊಂದು ತುದಿಗೆ ಇಟ್ಟಿದ್ದೆ. ಸ್ವಿಚ್ ಆಫ್ ಆದಾಗಲೆಲ್ಲ ಆ ಉದ್ದ ದಾರಿಯ ಇಂಡಕ್ಟೆನ್ಸ್‌ನಿಂದ (ಹರಿಯುವ ಕರೆಂಟ್ ತಟ್ಟನೆ ನಿಲ್ಲಲು ಬಿಡದ ಗುಣ) ವೋಲ್ಟೇಜ್ ಜಿಗಿಯುತ್ತಿತ್ತು. ಕೆಪಾಸಿಟರ್‌ಗಳನ್ನು ಮಾಸ್ಫೆಟ್ ಪಕ್ಕಕ್ಕೇ ತಂದು ಕೂರಿಸಿದೆ, ಅದಕ್ಕೆ ಆನ್-ಆಫ್ ಸಿಗ್ನಲ್ ಕೊಡುವ ಗೇಟ್ ಡ್ರೈವರನ್ನೂ ಹತ್ತಿರ ಎಳೆದೆ. ಆಮೇಲೆ ಸಿಡಿದಿಲ್ಲ.

ತಾರಿಹಾಳ, ಹುಬ್ಬಳ್ಳಿ: ಗದಗದ ಅಣ್ಣಾ, ವೈರ್ ಬೆಸೆದು ನೋಡಿದೆ. ಸೋಲ್ಡರ್ ಸುರಿಯದ ಬೋರ್ಡಿನಲ್ಲಿ ಟ್ರ್ಯಾಕಿನ ಎರಡು ತುದಿಗೆ ಮೀಟರ್ ಹಿಡಿದರೆ 340 ಮಿಲಿವೋಲ್ಟ್ ತೋರಿಸಿತ್ತು, ಈಗ 20. ಆದರೆ ಟರ್ಮಿನಲ್ ಮುಟ್ಟಲಾಗದಷ್ಟು ಬಿಸಿ. ನೋಡಿದರೆ ಅದೇ ನಾಲ್ಕು ಕಾಲು.